ಎಲ್‌ಇಡಿ ಸುಡುತ್ತಿರುವುದಕ್ಕೆ ಮಕ್ಕಳು ಕಾರಣ ಅಲ್ಲ

ಜಮಖಂಡಿಯ ಸರ್, 8ನೇ ತರಗತಿ ಮಕ್ಕಳು 9 ವೋಲ್ಟ್ ಬ್ಯಾಟರಿಗೆ ಎಲ್‌ಇಡಿ ಹಚ್ಚಿದ ಕೂಡಲೇ ಸುಟ್ಟುಹೋಗುತ್ತಿದೆ ಅಂದಿರಿ. ರೆಸಿಸ್ಟರ್ (ಕರೆಂಟಿಗೆ ತಡೆ ಒಡ್ಡುವ ಪುಟ್ಟ ಭಾಗ) ಹಾಕಿಲ್ಲ, ಅಷ್ಟೇ. ಕೆಂಪು ಎಲ್‌ಇಡಿಗೆ ಸುಮಾರು 2 ವೋಲ್ಟ್ ಸಾಕು. ಉಳಿದ 7 ವೋಲ್ಟ್ ಎಲ್ಲಿಗೆ ಹೋಗಬೇಕು? ಎಲ್‌ಇಡಿಯ ಜೊತೆ ಒಂದೇ ಸಾಲಿನಲ್ಲಿ 470 ಓಮ್ ರೆಸಿಸ್ಟರ್ ಇಡಿ, ಕರೆಂಟ್ 15 ಮಿಲಿಆಂಪ್ ಆಸುಪಾಸಿನಲ್ಲಿ ನಿಲ್ಲುತ್ತದೆ. ಈ ಲೆಕ್ಕ ಮಕ್ಕಳ ಕೈಯಲ್ಲೇ ಮಾಡಿಸಿ. ಸುಟ್ಟ ಎಲ್‌ಇಡಿ ಎಸೆಯಬೇಡಿ, ಪಾಠಕ್ಕೆ ಅದಕ್ಕಿಂತ ಒಳ್ಳೆ ಸಾಮಾನು ಇಲ್ಲ.

ಸೋಲ್ಡರಿಂಗ್ (ಬೆಸುಗೆ) ಈಗಲೇ ಬೇಡ, ತೂತುಗಳಲ್ಲಿ ಕಾಲು ಚುಚ್ಚಿ ಜೋಡಿಸುವ ಬ್ರೆಡ್‌ಬೋರ್ಡ್ ಸಾಕು. ಅದರಲ್ಲಿ ಒಂದು ಸಾಲಿನ ಐದೈದು ತೂತು ಒಳಗೇ ಕೂಡಿಕೊಂಡಿರುತ್ತವೆ. ನಾನು ಮೊದಲ ಸಲ ಎಲ್‌ಇಡಿಯ ಎರಡೂ ಕಾಲನ್ನು ಒಂದೇ ಸಾಲಿಗೆ ಚುಚ್ಚಿ, ಅದು ಹತ್ತದಿದ್ದಕ್ಕೆ ಸುಮ್ನೆ ಬ್ಯಾಟರಿಗೆ ಬೈಯುತ್ತಾ ಕೂತಿದ್ದೆ!

ಮುಂದೆ ಕತ್ತಲಾದರೆ ಹತ್ತುವ ದೀಪ ಮಾಡಿಸಿ. ಇದಕ್ಕೆ BC547 ಟ್ರಾನ್ಸಿಸ್ಟರ್ ಬೇಕು: ಸ್ವಿಚ್‌ನಂತೆ ಕೆಲಸ ಮಾಡುವ ಭಾಗ, ಅದರ ಮೂರು ಕಾಲು ಬೇಸ್, ಕಲೆಕ್ಟರ್, ಎಮಿಟರ್. ಪ್ಲಸ್‌ನಿಂದ ಬೇಸ್‌ಗೆ 100 ಕಿಲೋಓಮ್ ರೆಸಿಸ್ಟರ್, ಬೇಸ್‌ನಿಂದ ಮೈನಸ್‌ಗೆ ಎಲ್‌ಡಿಆರ್ (ಬೆಳಕು ಬಿದ್ದರೆ ತಡೆ ಕಡಿಮೆಯಾಗುವ ರೆಸಿಸ್ಟರ್). ಪ್ಲಸ್‌ನಿಂದ ಕಲೆಕ್ಟರ್‌ಗೆ 470 ಓಮ್ ಮತ್ತು ಎಲ್‌ಇಡಿ, ಎಮಿಟರ್ ಮೈನಸ್‌ಗೆ. ಬೆಳಕಿದ್ದಾಗ ಎಲ್‌ಡಿಆರ್ ಕರೆಂಟನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ, ಟ್ರಾನ್ಸಿಸ್ಟರ್ ಮಲಗಿರುತ್ತದೆ; ಕತ್ತಲಾದರೆ ಆ ಕರೆಂಟ್ ಬೇಸ್‌ಗೆ ಹೋಗಿ ದೀಪ ಹತ್ತುತ್ತದೆ. ನಮ್ಮ ಕಡೆ ಬಿಸಿಲಿಗೇನು ಬರ ಅಲ್ವಾ, ಕಿಟಕಿ ಹತ್ತಿರ ಇಟ್ಟು ಎಲ್‌ಡಿಆರ್ ಅನ್ನು ಅಂಗೈಯಿಂದ ಮುಚ್ಚಿ ನೋಡಲಿ.