ಸೋಲದ ತಂಡ ಹೊರಗುಳಿದದ್ದೇಕೆ?

ಪ್ರಶ್ನೆ: ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ 2023ರಲ್ಲಿ 13 ಪಂದ್ಯಗಳನ್ನೂ ಗೆದ್ದ ಫ್ಲಾರಿಡಾ ಸ್ಟೇಟ್ ತಂಡವನ್ನು ಬಿಟ್ಟು, ಒಂದು ಪಂದ್ಯ ಸೋತಿದ್ದ ಅಲಬಾಮಾವನ್ನು, ಚಾಂಪಿಯನ್ ಯಾರೆಂದು ನಿರ್ಧರಿಸುವ ಪ್ಲೇಆಫ್‌ಗೆ ಆರಿಸಿದ್ದು ನ್ಯಾಯವೇ?

ಉತ್ತರ: ನನ್ನ ದೃಷ್ಟಿಯಲ್ಲಿ ಅದು ಅನ್ಯಾಯ. ನೂರಕ್ಕೂ ಹೆಚ್ಚು ತಂಡಗಳಿದ್ದು, ಪ್ರತಿಯೊಂದೂ ಸಾಮಾನ್ಯವಾಗಿ 12 ನಿಯಮಿತ ಪಂದ್ಯಗಳನ್ನು, ಅದರಲ್ಲೂ ಹೆಚ್ಚಿನವನ್ನು ತನ್ನ ಕಾನ್ಫರೆನ್ಸ್ ಎಂಬ ತಂಡಗಳ ಗುಂಪಿನೊಳಗೇ ಆಡುವುದರಿಂದ, ಎದುರಾಳಿಗಳ ಬಲವನ್ನು ತೂಗಿ ನೋಡುವುದು ಅನಿವಾರ್ಯ. ಆ ತೂಕದಲ್ಲಿ ಅಲಬಾಮಾದ ಎಸ್‌ಇಸಿ ಕಾನ್ಫರೆನ್ಸ್, ಫ್ಲಾರಿಡಾ ಸ್ಟೇಟ್ ಆಡುವ ಎಸಿಸಿ ಕಾನ್ಫರೆನ್ಸ್‌ಗಿಂತ ಮೇಲೆಂಬುದನ್ನು ಒಪ್ಪುತ್ತೇನೆ. ಆದರೆ ಫ್ಲಾರಿಡಾ ಸ್ಟೇಟ್ ಅದೇ ಎಸ್‌ಇಸಿಯ ಎಲ್‌ಎಸ್‌ಯು ತಂಡವನ್ನು 45–24ರಿಂದ ಮಣಿಸಿತ್ತು, ಎಸ್‌ಇಸಿಯದೇ ಆದ ಫ್ಲಾರಿಡಾ ಎಂಬ ಇನ್ನೊಂದು ತಂಡವನ್ನೂ ಸೋಲಿಸಿತ್ತು. ಆಯ್ಕೆ ಸಮಿತಿಯು ಫ್ಲಾರಿಡಾ ಸ್ಟೇಟ್‌ನ ಕ್ವಾರ್ಟರ್‌ಬ್ಯಾಕ್ (ತಂಡದ ದಾಳಿಯನ್ನು ಮುನ್ನಡೆಸುವ ಆಟಗಾರ) ಜೋರ್ಡನ್ ಟ್ರಾವಿಸ್ ಗಾಯಗೊಂಡದ್ದನ್ನೂ ಪರಿಗಣಿಸಿತು. ಮೈದಾನದಲ್ಲಿ ಗಳಿಸಿದ ಗೆಲುವಿಗಿಂತ ಮುಂದೇನಾದೀತೆಂಬ ಊಹೆಗೆ ಹೆಚ್ಚು ಬೆಲೆ ಕೊಡಬಾರದಿತ್ತು. 2024ರಿಂದ ಪ್ಲೇಆಫ್‌ನಲ್ಲಿ ನಾಲ್ಕರ ಬದಲು 12 ತಂಡಗಳಿಗೆ ಅವಕಾಶ ದೊರೆತಿದೆ.