ಎಲ್ಟ್ಸ್ ಕೋಟೆಯೊಳಗೆ ಯಾರಿದ್ದರು?

ನಮಸ್ಕಾರ. ಜರ್ಮನಿಯ ಎಲ್ಟ್ಸ್ ಕೋಟೆಯ ಬಗ್ಗೆ ನೀವು ಕಳಿಸಿದ ಬರಹ ಓದಿದೆ. ಕಾಡುದಾರಿ ಇಳಿಯುತ್ತಿದ್ದಂತೆ ಕೋಟೆ ಥಟ್ಟನೆ ಎದುರಾಗುವ ಭಾಗ ಚೆನ್ನಾಗಿದೆ. ಭಾಷೆಯಲ್ಲೂ ತೊಡಕಿಲ್ಲ. ಆದರೆ ಈಗಿರುವ ಹಾಗೆ ಪ್ರಕಟಿಸಲಾರೆ. ನಿಮ್ಮ ಮೂರನೇ ಪ್ಯಾರಾ ಓದಿ ನನಗೆ ನಿಜಕ್ಕೂ ಸಿಟ್ಟು ಬಂತು. ಅದೊಂದರ ಬಗ್ಗೆಯೇ ಬರೆಯುತ್ತೇನೆ.

ನಿಮ್ಮ ಸಾಲು: '12ನೇ ಶತಮಾನದಲ್ಲಿ ಕಟ್ಟಿದ ಈ ಕೋಟೆ ಇಂದಿಗೂ ಹಾಗೇ ನಿಂತಿದೆ.' ಇಲ್ಲ, ಹಾಗೇ ನಿಂತಿಲ್ಲ. 1157ರಲ್ಲಿ ಚಕ್ರವರ್ತಿ ಫ್ರೆಡ್ರಿಕ್ ಬಾರ್ಬರೋಸಾ ಕೊಟ್ಟ ಪತ್ರವೊಂದಕ್ಕೆ ರುಡಾಲ್ಫ್ ಫಾನ್ ಎಲ್ಟ್ಸ್ ಎಂಬವನು ಸಾಕ್ಷಿ. ಮನೆತನದ ಹೆಸರು ಸಿಗುವುದು ಅಲ್ಲಿಂದ. ಆದರೆ ನಿಮ್ಮ ಫೋಟೋಗಳಲ್ಲಿ ಕಾಣುವ ಕಟ್ಟಡಗಳಲ್ಲಿ ಹೆಚ್ಚಿನವು ಆ ಕಾಲದ್ದಲ್ಲ. ಪ್ಲಾಟ್ಎಲ್ಟ್ಸ್ ಎಂಬ ಗೋಪುರ ಹಳೆಯದು, ಸರಿ. ಆಮೇಲಿನವು ಮನೆತನದ ಬೇರೆ ಬೇರೆ ಕವಲುಗಳ ಮನೆಗಳು. ರ್‍ಯೂಬೆನಾಖ್ ಮನೆ ಮುಗಿದದ್ದು 1472ರಲ್ಲಿ. ರೋಡೆನ್‌ಡಾರ್ಫ್ ಮನೆಗಳು ಎದ್ದದ್ದು ಅದರ ನಂತರ. ಕೆಂಪೆನಿಖ್ ಮನೆಗಳು ಪೂರ್ತಿಯಾಗುವಷ್ಟರಲ್ಲಿ 17ನೇ ಶತಮಾನ ಬಂದಿತ್ತು. ಕಟ್ಟುತ್ತಾ ಕಟ್ಟುತ್ತಾ ಕಳೆದ ಐದು ಶತಮಾನಗಳನ್ನು ನೀವು ಒಂದೇ ಸಾಲಿನಲ್ಲಿ ಅಳಿಸಿಬಿಟ್ಟಿರಿ.

ಮುಂದಿನ ಸಾಲು: 'ಇಲ್ಲಿ ವೀರ ಒಡೆಯನೊಬ್ಬ ವೈಭವದಿಂದ ಬಾಳಿದ.' ಯಾವ ಒಡೆಯ? 1268ಕ್ಕೂ ಮೊದಲೇ ಎಲಿಯಾಸ್, ವಿಲ್‌ಹೆಲ್ಮ್, ಥಿಯೋಡೆರಿಕ್ ಎಂಬ ಮೂವರು ಅಣ್ಣತಮ್ಮಂದಿರು ಕೋಟೆಯನ್ನೂ ಆಸ್ತಿಯನ್ನೂ ಪಾಲು ಮಾಡಿಕೊಂಡರು. ಪಾಲಾದರೂ ಯಾರೂ ಜಾಗ ಬಿಟ್ಟು ಹೋಗಲಿಲ್ಲ. ಅದೇ ಬಂಡೆಯ ಮೇಲೆ, ಒಂದೇ ಅಂಗಳದ ಸುತ್ತ, ಒಂದೊಂದು ಕವಲಿಗೆ ಒಂದೊಂದು ಮನೆ. ಯಾರಿಗೆ ಯಾವ ಹಕ್ಕು, ಯಾರ ಹೊಣೆ ಏನು ಎಂದು ಒಪ್ಪಂದ ಪತ್ರಗಳನ್ನೇ ಬರೆದುಕೊಂಡಿದ್ದರು. ಇಂಥ ಕಥೆ ಕೈಯಲ್ಲಿರುವಾಗ 'ವೀರ ಒಡೆಯ' ಯಾಕೆ ಬೇಕು, ಹೇಳಿ.

'ಮುಗಿಲಿಗೆ ಚಾಚಿದ ಗೋಪುರಗಳು' ಎಂದಿದ್ದೀರಿ. ಯಾಕೆ ಚಾಚಿದವು? ಎಲ್ಟ್ಸ್‌ಬಾಖ್ ತೊರೆ ಆ ಬಂಡೆಯನ್ನು ಮೂರು ಕಡೆ ಬಳಸಿ ಹರಿಯುತ್ತದೆ. ಅಗಲಕ್ಕೆ ಬೆಳೆಯಲು ಜಾಗವೇ ಇಲ್ಲ. ಸಂಸಾರಗಳು ಬೆಳೆದಂತೆ ಮನೆಗಳು ಮೇಲಕ್ಕೆ ಹೋದವು, ಎಂಟು ಅಂತಸ್ತಿನವರೆಗೆ. ಈ ಕಾರಣ ಬರೆದಿದ್ದರೆ ಮುಗಿಲಿನ ಮಾತೇ ಬೇಕಿರಲಿಲ್ಲ, ಅಲ್ವಾ?

ನಾನು ಪತ್ರಿಕೆಗೆ ಸೇರಿದ ಹೊಸತರಲ್ಲಿ ಹಿರಿಯ ಉಪಸಂಪಾದಕರೊಬ್ಬರಿದ್ದರು. ಯಾವ ಹಳೇ ಕಟ್ಟಡದ ಬಗ್ಗೆ ಬರೆದುಕೊಟ್ಟರೂ ಅವರು ಕೇಳುತ್ತಿದ್ದುದು ಇಷ್ಟೇ: 'ಅಡುಗೆ ಎಲ್ಲಿ ಮಾಡ್ತಿದ್ರು? ಚಳಿಗೆ ಏನು ಮಾಡ್ತಿದ್ರು? ಕಕ್ಕಸು ಎಲ್ಲಿತ್ತು?' ಉತ್ತರ ಇಲ್ಲದಿದ್ದರೆ ಹಾಳೆ ವಾಪಸ್. ಆಗ ನನಗೆ ಅವಮಾನ ಅನ್ನಿಸುತ್ತಿತ್ತು. ಶಿಲ್ಪದ ಬಗ್ಗೆ ಬರೆಯಲು ಬಂದವನಿಗೆ ಕಕ್ಕಸಿನ ಪ್ರಶ್ನೆಯೇ ಎಂದು ಒಳಗೊಳಗೇ ಕುದಿಯುತ್ತಿದ್ದೆ. ಆದರೆ ಆ ಪ್ರಶ್ನೆ ಹಿಡಿದುಕೊಂಡು ಮತ್ತೆ ಹೋದಾಗಲೆಲ್ಲ ಕಟ್ಟಡದಲ್ಲಿ ಮನುಷ್ಯರು ಕಾಣತೊಡಗಿದರು. ಇವತ್ತಿಗೂ ಎಲ್ಲಿಗೆ ಹೋದರೂ ಮೊದಲು ಹುಡುಕುವುದು ಒಲೆಯನ್ನೇ.

ಎಲ್ಟ್ಸ್‌ನಲ್ಲಿ ಇದಕ್ಕೆಲ್ಲ ಉತ್ತರವಿದೆ. ರೋಡೆನ್‌ಡಾರ್ಫ್ ಮನೆಯ ಹಳೆಯ ಅಡುಗೆಮನೆ, ಅದರ ಬ್ರೆಡ್ ಒಲೆ ಇಂದಿಗೂ ನೋಡಲು ಸಿಗುತ್ತವೆ. ಬೆಂಕಿಗೂಡುಗಳು ಬೇಕಾದಷ್ಟಿವೆ. 15ನೇ ಶತಮಾನದಲ್ಲೇ ಕಕ್ಕಸುಗಳೂ ಇದ್ದವು. ರ್‍ಯೂಬೆನಾಖ್ ಮನೆಯ ಮಲಗುವ ಕೋಣೆಗೆ ಅಂಟಿಕೊಂಡ ಪುಟ್ಟ ಪ್ರಾರ್ಥನಾ ಕೋಣೆ ಗೋಡೆಯಿಂದ ಹೊರಕ್ಕೆ ಚಾಚಿದೆ. ದೇವರ ಜಾಗದ ಮೇಲೆ ಯಾರೂ ವಾಸ ಮಾಡಬಾರದು ಎಂಬ ನಂಬಿಕೆಗಾಗಿ ಹಾಗೆ ಕಟ್ಟಿದ್ದು. ನೀವು ಅದರ ಫೋಟೋ ಕಳಿಸಿದ್ದೀರಿ. ಬರಹದಲ್ಲಿ ಅದರ ಸುದ್ದಿಯೇ ಇಲ್ಲ!

ಪ್ಯಾರಾದ ಕೊನೆಯ ಸಾಲು: 'ವಿಧಿಯ ಕೃಪೆಯಿಂದ ಕೋಟೆ ಉಳಿಯಿತು.' ದಯವಿಟ್ಟು ಇದನ್ನು ಹೊಡೆದುಹಾಕಿ. 17ನೇ ಶತಮಾನದ ಕೊನೆಗೆ ಫ್ರೆಂಚ್ ಸೈನ್ಯ ಆ ಸೀಮೆಯ ಕೋಟೆಗಳನ್ನು ಒಂದೊಂದಾಗಿ ನಾಶ ಮಾಡುತ್ತಿತ್ತು. ಅದೇ ಸೈನ್ಯದಲ್ಲಿ ಇದೇ ಮನೆತನದ ಹಾನ್ಸ್ ಆಂಟನ್ ಅಧಿಕಾರಿಯಾಗಿದ್ದ. ಕೆಡವಬೇಕಾದ ಕೋಟೆಗಳ ಪಟ್ಟಿಯಿಂದ ಎಲ್ಟ್ಸ್ ಹೆಸರನ್ನು ತೆಗೆಸಿದ್ದು ಅವನು. ಮನುಷ್ಯ ಮಾಡಿದ ಕೆಲಸವನ್ನು ಸುಮ್ನೆ ವಿಧಿಗೆ ಯಾಕೆ ಕೊಡುತ್ತೀರಿ?

ಉಳಿದದ್ದು ಹಾಗೇ ಇರಲಿ. ಮೂರನೇ ಪ್ಯಾರಾವನ್ನು ಎರಡು ಪುಟಕ್ಕೆ ಹಿಗ್ಗಿಸಿ ಬರೆಯಿರಿ. ಅಣ್ಣತಮ್ಮಂದಿರ ಪಾಲಿನಿಂದ ಶುರು ಮಾಡಿ, 1815ರಲ್ಲಿ ಇಡೀ ಕೋಟೆ ಮತ್ತೆ ಒಬ್ಬನ ಕೈ ಸೇರುವವರೆಗೆ ತನ್ನಿ. ಪ್ರಾರ್ಥನಾ ಕೋಣೆಯ ಫೋಟೋವನ್ನು ನಾನು ಜೊತೆಗೆ ಹಾಕುತ್ತೇನೆ.