ಓದುಗರ ಪ್ರಶ್ನೆಗೆ ಉತ್ತರ: ಮೂರು ದಿನದ ದೊರೆಯ ನಾಣ್ಯ ಇಷ್ಟೊಂದು ಯಾಕಿದೆ?

ರೋಮ್ ಸಾಮ್ರಾಜ್ಯದ ಮೂರನೇ ಶತಮಾನದ ನಾಣ್ಯಗಳ ಬಗ್ಗೆ ಈ ಸಲ ಪ್ರಶ್ನೆಗಳು ಜಾಸ್ತಿ ಬಂದಿವೆ. ಹೊಸಬರಿಗಾಗಿ ಹಿನ್ನೆಲೆಯನ್ನು ಎರಡು ಮಾತಲ್ಲಿ ಹೇಳ್ತೀನಿ. ಕ್ರಿ.ಶ. 235ರಲ್ಲಿ ಸೆವೆರಸ್ ಅಲೆಕ್ಸಾಂಡರ್ ಎಂಬ ಚಕ್ರವರ್ತಿಯನ್ನು ಅವನ ಸೈನಿಕರೇ ಕೊಂದರು. ಅಲ್ಲಿಂದ 284ರಲ್ಲಿ ಡಯೋಕ್ಲೀಷಿಯನ್ ಬರುವವರೆಗೆ, ಒಬ್ಬ ಕೂತ ಜಾಗ ಬೆಚ್ಚಗಾಗುವ ಮೊದಲೇ ಇನ್ನೊಬ್ಬ ಬಂದು ಕೂರುತ್ತಿದ್ದ. ಹಾಸಿಗೆ ಮೇಲೆ ಸತ್ತವರು ಕಡಿಮೆ. ಆದರೆ ಬಂದವರೆಲ್ಲ ಮೊದಲು ಮಾಡಿದ ಕೆಲಸ ಒಂದೇ: ತಮ್ಮ ಮುಖ ಹಾಕಿ ನಾಣ್ಯ ಹೊಡೆಸಿದ್ದು. ಸೈನಿಕರಿಗೆ ದುಡ್ಡು ಹಂಚಬೇಕಿತ್ತಲ್ಲ!

ಪ್ರಶ್ನೆ: ಈ ಐವತ್ತು ವರ್ಷದ ಎಲ್ಲ ಚಕ್ರವರ್ತಿಗಳದ್ದೂ ಒಂದೊಂದು ನಾಣ್ಯ ಕೂಡಿಸಬೇಕು ಅಂತ ಆಸೆ. ಆಗುತ್ತಾ? ಎಲ್ಲಿಂದ ಶುರು ಮಾಡಲಿ? (ಶಿವಮೊಗ್ಗದಿಂದ)

ಆಗುತ್ತೆ ಅಂದುಬಿಟ್ಟರೆ ನಿಮ್ಮ ಜೇಬಿಗೆ ನಾನೇ ಕತ್ತರಿ ಹಾಕಿದ ಹಾಗೆ. ರೋಮ್ ಒಪ್ಪಿಕೊಂಡವರನ್ನು ಮಾತ್ರ ಎಣಿಸಿದರೂ ಇಪ್ಪತ್ತು ದಾಟುತ್ತದೆ. ಗಡಿಯಲ್ಲಿ ದಂಗೆ ಎದ್ದು ಕಿರೀಟ ಇಟ್ಟುಕೊಂಡವರನ್ನೂ, ಇವತ್ತಿನ ಫ್ರಾನ್ಸ್ ಕಡೆ ಬೇರೆ ರಾಜ್ಯವನ್ನೇ ಕಟ್ಟಿಕೊಂಡ ಪೋಸ್ಟುಮಸ್‌ನಂಥವರನ್ನೂ ಸೇರಿಸಿದರೆ ಪಟ್ಟಿ ಇನ್ನೂ ಉದ್ದ. ಅದರಲ್ಲಿ ಮುಕ್ಕಾಲು ಭಾಗ ಸುಲಭ. ಉಳಿದ ಕಾಲು ಭಾಗಕ್ಕೆ ಮನೆ ಸೈಟಿನ ದುಡ್ಡು ಬೇಕು. ಹಾಗಾಗಿ ಪಟ್ಟಿ ಹಿಡಿದು ಹೊರಡಬೇಡಿ ಅಂತಲೇ ನನ್ನ ಸಲಹೆ. ಪಟ್ಟಿಯಲ್ಲಿ ಖಾಲಿ ಬಿದ್ದ ಮನೆ ತುಂಬುವ ಆತುರದಲ್ಲಿ ಜನ ಸವೆದು ಮುಖವೇ ಕಾಣದ ನಾಣ್ಯಕ್ಕೆ ದುಡ್ಡು ಸುರಿಯುತ್ತಾರೆ, ಇಲ್ಲವೇ ಖೋಟಾ ಕೊಳ್ಳುತ್ತಾರೆ.

ಶುರುವಿಗೆ ಮೂರನೇ ಗೋರ್ಡಿಯನ್, ಫಿಲಿಪ್, ಗ್ಯಾಲಿಯೆನಸ್, ಎರಡನೇ ಕ್ಲಾಡಿಯಸ್, ಆರೇಲಿಯನ್, ಪ್ರೋಬಸ್ ಸಾಕು. ಇವರದ್ದು ರಾಶಿರಾಶಿ ಸಿಕ್ಕಿವೆ, ಬೆಲೆಯೂ ಕೆಲವು ಸಾವಿರ ರೂಪಾಯಿಯ ಮಾತು. ಬಹುಪಾಲು ಆಂಟೋನಿನಿಯಾನಸ್ ಎಂಬ ನಾಣ್ಯಗಳು. ಕ್ಯಾರಕಲ್ಲಾ ಎಂಬ ಚಕ್ರವರ್ತಿ 215ರಲ್ಲಿ ಶುರು ಮಾಡಿದ್ದು. ಗುರುತು ಸುಲಭ: ದೊರೆಯ ತಲೆ ಮೇಲೆ ಸೂರ್ಯನ ಕಿರಣದ ಹಾಗೆ ಮುಳ್ಳುಮುಳ್ಳಾದ ಕಿರೀಟ ಇರುತ್ತದೆ. ರಾಣಿಯಾದರೆ ಅವಳ ಭುಜದ ಕೆಳಗೆ ಬಿದಿಗೆ ಚಂದ್ರ.

ಪೂರ್ತಿ ಪಟ್ಟಿಯ ಬದಲು ಒಂದು ಕಥೆ ಆರಿಸಿಕೊಳ್ಳಿ. ಫಿಲಿಪ್ 248ರಲ್ಲಿ ರೋಮ್ ನಗರಕ್ಕೆ ಸಾವಿರ ವರ್ಷ ತುಂಬಿದ ಉತ್ಸವ ಮಾಡಿದ. ಆ ಸಲದ ನಾಣ್ಯಗಳಲ್ಲಿ ಸಿಂಹ, ಜಿಂಕೆ, ರೋಮುಲಸ್ ಅಣ್ಣತಮ್ಮಂದಿರಿಗೆ ಹಾಲೂಡಿಸುವ ತೋಳ ಎಲ್ಲ ಇವೆ. ಅವನ ಹೆಂಡತಿ ಒಟಾಸಿಲಿಯಾಳ ನಾಣ್ಯದಲ್ಲಿ ನೀರಾನೆ ಇದೆ! ಉತ್ಸವದ ಆಸುಪಾಸಿನಲ್ಲೇ ಡ್ಯಾನ್ಯೂಬ್ ಕಡೆ ಪಕಾಟಿಯನ್ ಎಂಬವನು ದಂಗೆ ಎದ್ದು, ತನ್ನ ನಾಣ್ಯದಲ್ಲಿ 'ರೋಮಿನ ಸಾವಿರದ ಒಂದನೇ ವರ್ಷ' ಅಂತ ಬರೆಸಿದ. ಹಬ್ಬ ನೀನು ಮಾಡು, ಮುಂದಿನ ವರ್ಷ ನನ್ನದು ಅನ್ನುವ ಧಾಟಿ. ಅದು ತೀರಾ ಅಪರೂಪ, ನಮ್ಮ ಕೈಗೆ ಸಿಗೋದಲ್ಲ ಬಿಡಿ. ಗ್ಯಾಲಿಯೆನಸ್ ಕೂಡ ತನ್ನ ಕೊನೆಗಾಲದಲ್ಲಿ ಒಂದೊಂದು ದೇವರ ಹೆಸರಲ್ಲಿ ಒಂದೊಂದು ಪ್ರಾಣಿ ಹಾಕಿಸಿದ: ಡಯಾನಾಗೆ ಜಿಂಕೆ, ಅಪೋಲೋಗೆ ಅರ್ಧ ಕುದುರೆ ಅರ್ಧ ಮನುಷ್ಯ, ನೆಪ್ಚೂನ್‌ಗೆ ಮೀನುಬಾಲದ ಕುದುರೆ. ಸಂಗ್ರಾಹಕರು ಇದನ್ನು 'ಝೂ' ಅಂತಲೇ ಕರೆಯೋದು. ಅಗ್ಗವೂ ಹೌದು, ಮಕ್ಕಳಿಗೂ ಖುಷಿ. ಮೊದಲ ವರ್ಷ ಇದನ್ನೇ ಕೂಡಿಸಿ ಅಂತ ನಾನು ಎಲ್ಲರಿಗೂ ಹೇಳೋದು.

ಪ್ರಶ್ನೆ: ಕಡಿಮೆ ದಿನ ಆಳಿದವನ ನಾಣ್ಯ ಅಂದಮೇಲೆ ಬೆಲೆ ಜಾಸ್ತಿ ಇರಬೇಕು, ಅಲ್ವಾ? ಮಾರಿಯಸ್ ಮೂರೇ ದಿನ ಆಳಿದ್ದಂತೆ, ಆದರೂ ಅವನ ನಾಣ್ಯ ಆಗಾಗ ಮಾರಾಟಕ್ಕೆ ಬರುತ್ತಲೇ ಇರುತ್ತದೆ. ಇದು ಹೇಗೆ? (ಧಾರವಾಡದಿಂದ)

ಈ ಸಲದ ಒಳ್ಳೆ ಪ್ರಶ್ನೆ ಇದು. ಮಾರಿಯಸ್ ಕಮ್ಮಾರ. 269ರಲ್ಲಿ ಪೋಸ್ಟುಮಸ್ ಕೊಲೆಯಾದ ಮೇಲೆ ಸೈನಿಕರು ಇವನನ್ನು ಮೇಲೆ ಕೂರಿಸಿದರು. 'ಹಿಸ್ಟೋರಿಯಾ ಆಗಸ್ಟಾ' ಎಂಬ ಹಳೇ ಪುಸ್ತಕದ ಪ್ರಕಾರ ಒಂದು ದಿನ ಚಕ್ರವರ್ತಿಯಾದ, ಎರಡನೇ ದಿನ ಆಳಿದ, ಮೂರನೇ ದಿನ ಸತ್ತ. ಅದೂ ತಾನೇ ಬಡಿದು ಮಾಡಿದ ಕತ್ತಿಯಿಂದ. ಕಥೆ ಚೆನ್ನಾಗಿದೆ. ಆದರೆ ಆ ಪುಸ್ತಕ ಕಥೆ ಚೆನ್ನಾಗಿರಲಿ ಅಂತ ಸುಳ್ಳು ಹೇಳೋದರಲ್ಲಿ ಎತ್ತಿದ ಕೈ. ಅವನ ನಾಣ್ಯಗಳನ್ನು ನೋಡಿ: ಎರಡು ಟಂಕಸಾಲೆಯಲ್ಲಿ ಹೊಡೆದದ್ದು, ಹಿಂಬದಿಯ ಚಿತ್ರಗಳು ಹಲವು ಬಗೆ. ಅಚ್ಚು ಕೆತ್ತಿ, ಲೋಹ ಕಾಸಿ, ಇಷ್ಟೆಲ್ಲ ಹೊಡೆಯೋದು ಮೂರು ದಿನದ ಕೆಲಸವೇ? ಎರಡು ಮೂರು ತಿಂಗಳಾದರೂ ಆಳಿರಬೇಕು ಅಂತ ಈಗ ಎಲ್ಲರೂ ಒಪ್ಪುತ್ತಾರೆ. ಬರೆದವರು ಹೇಳಿದ ಸುಳ್ಳನ್ನು ನಾಣ್ಯವೇ ಹಿಡಿದುಕೊಟ್ಟಿತು.

ಕ್ವಿಂಟಿಲಸ್‌ದೂ ಇದೇ ಕಥೆ. ಎರಡನೇ ಕ್ಲಾಡಿಯಸ್ 270ರಲ್ಲಿ ಕಾಯಿಲೆಯಿಂದ ಸತ್ತಾಗ ಅವನ ತಮ್ಮ ಕ್ವಿಂಟಿಲಸ್ ಪಟ್ಟಕ್ಕೆ ಬಂದ. ಕೆಲವರು 17 ದಿನ ಅಂದರು, ಒಂದು ಹಳೇ ಪಟ್ಟಿ 77 ದಿನ ಅನ್ನುತ್ತದೆ. ರೋಮ್, ಮಿಲಾನ್ ಅಷ್ಟೇ ಅಲ್ಲ, ಸಿಸ್ಕಿಯಾ, ಸಿಜಿಕಸ್‌ನಂಥ ದೂರದ ಟಂಕಸಾಲೆಗಳಲ್ಲೂ ಅವನ ಹೆಸರಲ್ಲಿ ನಾಣ್ಯ ಬಂದಿದೆ. ಹದಿನೇಳು ದಿನದಲ್ಲಿ ಸುದ್ದಿ ಅಷ್ಟು ದೂರ ಹೋಗಿ ಮುಟ್ಟಿದರೇ ಹೆಚ್ಚು. ಹಾಗಾಗಿ ಕ್ವಿಂಟಿಲಸ್ ನಾಣ್ಯ ನಿಮ್ಮಂಥ ಸಾಮಾನ್ಯ ಸಂಗ್ರಾಹಕರ ಕೈಗೂ ಎಟುಕುತ್ತದೆ.

ಬೆಲೆ ಕಟ್ಟೋದು ಆಳಿದ ದಿನವಲ್ಲ, ಕೈಯಲ್ಲಿ ಎಂಥ ಟಂಕಸಾಲೆ ಇತ್ತು ಅನ್ನೋದು. 238ನೇ ವರ್ಷದಲ್ಲಿ ಇದನ್ನು ಚೆನ್ನಾಗಿ ನೋಡಬಹುದು. ಆ ಒಂದೇ ವರ್ಷ ಆರು ಚಕ್ರವರ್ತಿಗಳು! ಥ್ರೇಸ್‌ನ ದೈತ್ಯ ಮ್ಯಾಕ್ಸಿಮಿನಸ್ ಆಗಲೇ ಇದ್ದ. ಅವನ ತೆರಿಗೆ ತಡೆಯಲಾರದೆ ಆಫ್ರಿಕಾದಲ್ಲಿ ಜನ ದಂಗೆ ಎದ್ದು, ಎಂಬತ್ತರ ಆಸುಪಾಸಿನ ಗೋರ್ಡಿಯನ್ ಎಂಬ ಮುದುಕನನ್ನೂ ಅವನ ಮಗನನ್ನೂ ಚಕ್ರವರ್ತಿಗಳು ಅಂದರು. ಸುಮಾರು ಮೂರು ವಾರದಲ್ಲಿ ಮಗ ಯುದ್ಧದಲ್ಲಿ ಸತ್ತ, ಸುದ್ದಿ ಕೇಳಿ ಅಪ್ಪ ನೇಣು ಹಾಕಿಕೊಂಡ. ಇಬ್ಬರೂ ಚಕ್ರವರ್ತಿಗಳಾಗಿ ರೋಮಿಗೆ ಕಾಲಿಡಲೇ ಇಲ್ಲ. ಆದರೆ ರೋಮಿನ ಸೆನೆಟ್ ಅವರ ಪರ ನಿಂತಿದ್ದರಿಂದ ರೋಮಿನ ಟಂಕಸಾಲೆ ಅವರ ನಾಣ್ಯ ಹೊಡೆಯಿತು, ಸುದ್ದಿ ಕೆಟ್ಟ ತಕ್ಷಣ ನಿಲ್ಲಿಸಿತು. ಅದಕ್ಕೇ ಅವು ನಿಜಕ್ಕೂ ಅಪರೂಪ, ನಿಜಕ್ಕೂ ದುಬಾರಿ.

ಆಮೇಲೆ ಸೆನೆಟ್ ಬಾಲ್ಬಿನಸ್, ಪುಪಿಯೆನಸ್ ಎಂಬ ಇಬ್ಬರನ್ನು ಜೊತೆಯಾಗಿ ಕೂರಿಸಿತು. ಇವರ ಆಂಟೋನಿನಿಯಾನಸ್ ಹಿಂಬದಿಯಲ್ಲಿ ಎರಡು ಕೈ ಒಂದನ್ನೊಂದು ಹಿಡಿದಿವೆ, ಸುತ್ತಲೂ 'ಚಕ್ರವರ್ತಿಗಳ ಪರಸ್ಪರ ಪ್ರೀತಿ', 'ಪರಸ್ಪರ ವಿಶ್ವಾಸ' ಅಂತೆಲ್ಲ ಬರೆದಿದೆ. ನಿಜ ಏನಂದರೆ ಇಬ್ಬರಿಗೂ ಒಬ್ಬರನ್ನೊಬ್ಬರು ಕಂಡರೆ ಆಗುತ್ತಿರಲಿಲ್ಲ. ಕಾವಲು ಸೈನಿಕರು ಅರಮನೆಗೆ ನುಗ್ಗಿದಾಗ ಒಬ್ಬ ಸಹಾಯಕ್ಕೆ ಜನ ಕರೆಸೋಣ ಅಂದ, ಇನ್ನೊಬ್ಬ ಇದು ನನ್ನನ್ನು ಮುಗಿಸುವ ಸಂಚು ಅಂತ ತಡೆದ. ಜಗಳ ಆಡುತ್ತಿರುವಾಗಲೇ ಸೈನಿಕರು ಇಬ್ಬರನ್ನೂ ಎಳೆದುಕೊಂಡು ಹೋಗಿ ಕೊಂದರು. ಆಳಿದ್ದು ಸುಮಾರು ಮೂರು ತಿಂಗಳು. ಆಮೇಲೆ ಪಟ್ಟಕ್ಕೆ ಬಂದ ಆರನೆಯವನು ಆ ಮುದುಕ ಗೋರ್ಡಿಯನ್ ಮೊಮ್ಮಗ, ಇನ್ನೂ ಹುಡುಗ, ಮೂರನೇ ಗೋರ್ಡಿಯನ್. ಈ ಕೈ ಹಿಡಿದ ನಾಣ್ಯ ಅಗ್ಗವಲ್ಲ, ಆದರೆ ಎರಡು ವರ್ಷ ದುಡ್ಡು ಕೂಡಿಟ್ಟಾದರೂ ಒಂದು ತಗೊಳ್ಳಿ ಅಂತ ನಾನು ಹೇಳೋದು ಇದೊಂದನ್ನೇ.

ಒಬ್ಬ ದೊರೆ ಇದ್ದನೋ ಇಲ್ಲವೋ ಅನ್ನೋದೇ ಒಂದು ನಾಣ್ಯದ ಮೇಲೆ ನಿಂತದ್ದೂ ಉಂಟು. 1900ರಲ್ಲಿ ಫ್ರಾನ್ಸಿನಲ್ಲಿ ಸಿಕ್ಕ ನಿಧಿಯೊಂದರಲ್ಲಿ ಡೊಮಿಟಿಯಾನಸ್ ಎಂಬ ದೊರೆಯ ನಾಣ್ಯ ಇತ್ತು. ಅಂಥ ದೊರೆಯೇ ಇರಲಿಲ್ಲ, ಇದು ಖೋಟಾ ಅಂತ ಬಹಳ ಜನ ತಳ್ಳಿಹಾಕಿದರು. 2003ರಲ್ಲಿ ಆಕ್ಸ್‌ಫರ್ಡ್ ಹತ್ತಿರದ ಚಾಲ್‌ಗ್ರೋವ್‌ನಲ್ಲಿ ಐದು ಸಾವಿರದಷ್ಟು ನಾಣ್ಯ ತುಂಬಿದ ಮಡಕೆ ಸಿಕ್ಕಿತು. ಕಿಲುಬು ಹಿಡಿದು ಒಂದಕ್ಕೊಂದು ಅಂಟಿದ್ದ ಆ ಗಂಟನ್ನು ಬಿಡಿಸುವಾಗ ಅದೇ ದೊರೆಯ ಇನ್ನೊಂದು ನಾಣ್ಯ ಹೊರಬಂತು, ಮೊದಲನೆಯದರ ಅಚ್ಚಿನಿಂದಲೇ ಹೊಡೆದದ್ದು. ಖೋಟಾ ಅನ್ನಿಸಿಕೊಂಡಿದ್ದದ್ದು ನೂರು ವರ್ಷದ ಮೇಲೆ ಅಸಲಿ ಆಯಿತು.

ಪ್ರಶ್ನೆ: ಬೆಳ್ಳಿ ನಾಣ್ಯ ಅಂತ ಗ್ಯಾಲಿಯೆನಸ್‌ದು ಕೊಂಡೆ. ಹುಣಸೆಹಣ್ಣು ಹಾಕಿ ಉಜ್ಜಿದರೆ ಒಳಗೆ ತಾಮ್ರ ಕಾಣ್ತಿದೆ. ಮೋಸ ಆಯ್ತಾ? (ಮಂಗಳೂರಿನಿಂದ)

ಮೋಸ ಆಗಿದ್ದು ಹದಿನೇಳೂವರೆ ಶತಮಾನದ ಹಿಂದೆ, ರೋಮಿನ ಜನಕ್ಕೆ. ಆಂಟೋನಿನಿಯಾನಸ್ ಶುರುವಾದಾಗ ಅದರಲ್ಲಿ ಸುಮಾರು ಅರ್ಧ ಬೆಳ್ಳಿ ಇತ್ತು. ಯುದ್ಧ ಹೆಚ್ಚಾಯಿತು, ಸೈನಿಕರ ಸಂಬಳ ಹೆಚ್ಚಾಯಿತು, ಬೆಳ್ಳಿ ಮಾತ್ರ ಹೆಚ್ಚಾಗಲಿಲ್ಲ. 260ರಲ್ಲಿ ಗ್ಯಾಲಿಯೆನಸ್‌ನ ಅಪ್ಪ ವಲೇರಿಯನ್‌ನನ್ನು ಪರ್ಷಿಯಾದ ದೊರೆ ಶಾಪುರ್ ಸೆರೆ ಹಿಡಿದ ಮೇಲೆ ಅಂತೂ ಎಲ್ಲ ಕೈಬಿಟ್ಟುಹೋಯಿತು. 268ರ ಹೊತ್ತಿಗೆ ನೂರರಲ್ಲಿ ಎರಡು ಮೂರು ಪಾಲು ಬೆಳ್ಳಿ ಉಳಿದಿತ್ತು. ಉಳಿದದ್ದು ತಾಮ್ರ, ಮೇಲೆ ಕಲಾಯಿ ಹಾಕಿದ ಪಾತ್ರೆಯ ಹಾಗೆ ಬೆಳ್ಳಿಯ ತೆಳು ಹೊದಿಕೆ. ಆ ಹೊದಿಕೆಯನ್ನೇ ನೀವು ಉಜ್ಜಿ ತೆಗೆದಿರಿ.

ಇನ್ನು ಮೇಲೆ ಹುಣಸೆಹಣ್ಣು, ನಿಂಬೆ, ಪಾತ್ರೆ ಪುಡಿ ಯಾವುದೂ ಬೇಡ. ಮಣ್ಣು ಇದ್ದರೆ ಡಿಸ್ಟಿಲ್ಡ್ ವಾಟರ್‌ನಲ್ಲಿ ನೆನೆಹಾಕಿ, ನೀರು ಬದಲಿಸುತ್ತಾ ಇರಿ, ಮೆತ್ತನೆ ಬ್ರಷ್‌ನಿಂದ ತಟ್ಟಿ. ಅಷ್ಟೇ. ಇನ್ನೊಂದು ಮಾತು, ನೀವು ಕರಾವಳಿಯವರಾದ್ದರಿಂದ ಮುಖ್ಯ: ಗಾಳಿಯಲ್ಲಿ ತೇವ, ಉಪ್ಪು ಎರಡೂ ಇವೆ. ತಾಮ್ರದ ಮೇಲೆ ತಿಳಿ ಹಸಿರು ಪುಡಿ ಏಳುತ್ತಿದ್ದರೆ ಅದು ಸಾದಾ ಕಿಲುಬಲ್ಲ, ನಾಣ್ಯವನ್ನೇ ತಿನ್ನುವ ರೋಗ. ಅಂಥದನ್ನು ಬೇರೆ ಇಡಿ, ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಮೆತ್ತನೆ ಪಿವಿಸಿ ಚೀಲದಲ್ಲಿ ಇಡಬೇಡಿ.

ಕೊಳ್ಳುವಾಗ ಒಂದು ಸುಲಭದ ಪರೀಕ್ಷೆ ಇದೆ. ಹಿಂಬದಿಯ ಬರಹದ ಕೊನೆಯಲ್ಲಿ 'ಎ ವಿ ಜಿ' ಅಂತ ಇರುತ್ತದಲ್ಲ, ಅದು ಚಕ್ರವರ್ತಿಯ ಬಿರುದು. ಜಿ ಎರಡಿದ್ದರೆ ಇಬ್ಬರು ಚಕ್ರವರ್ತಿಗಳಿದ್ದಾರೆ ಅಂತ ಅರ್ಥ. ಅಂದರೆ ಅಪ್ಪ ಮಗ ಜೊತೆಗಿದ್ದ ಕಾಲ, 260ಕ್ಕೂ ಮೊದಲು, ಬೆಳ್ಳಿ ಸ್ವಲ್ಪ ಜಾಸ್ತಿ. ಒಂದೇ ಜಿ ಇದ್ದರೆ ಸಾಮಾನ್ಯವಾಗಿ ಆಮೇಲಿನದು, ಬರೀ ತಾಮ್ರ ಅಂದುಕೊಂಡೇ ದುಡ್ಡು ಕೊಡಿ.

ಪ್ರಶ್ನೆ: ನಮ್ಮ ಕಡೆ ಹೊಲದಲ್ಲಿ ಸಿಕ್ಕಿದ್ದು ಅಂತ ಒಬ್ಬರು ಫಿಲಿಪ್ ನಾಣ್ಯ ಮಾರ್ತಿದ್ದಾರೆ. ನಂಬಬಹುದಾ? (ಚಿತ್ರದುರ್ಗದಿಂದ)

ನನಗೆ ನಂಬಿಕೆ ಬರುತ್ತಿಲ್ಲ. ಚಂದ್ರವಳ್ಳಿಯಲ್ಲಿ ರೋಮನ್ ನಾಣ್ಯ ಸಿಕ್ಕಿದ್ದು ನಿಜ, ಬೆಂಗಳೂರಿನ ಯಶವಂತಪುರದ ಬಳಿಯೂ ಸಿಕ್ಕಿವೆ. ಆದರೆ ಅವು ಆಗಸ್ಟಸ್, ಟಿಬೇರಿಯಸ್ ಕಾಲದ ಒಳ್ಳೆ ಬೆಳ್ಳಿಯವು, ಅಂದರೆ ಫಿಲಿಪ್‌ಗಿಂತ ಇನ್ನೂರು ವರ್ಷ ಹಳೆಯವು. ನೀರೋ ಬೆಳ್ಳಿ ಕಡಿಮೆ ಮಾಡಿದ ಮೇಲೆ ನಮ್ಮ ಕಡೆಗೆ ರೋಮಿನ ಬೆಳ್ಳಿ ನಾಣ್ಯ ಬರೋದು ತೀರಾ ಕಮ್ಮಿಯಾಯಿತು. ಆಮೇಲೆ ಬಂದದ್ದು ಹೆಚ್ಚಾಗಿ ಚಿನ್ನ. ಅರ್ಧ ತಾಮ್ರದ ನಾಣ್ಯವನ್ನು ಇಲ್ಲಿನ ವ್ಯಾಪಾರಿ ಯಾಕೆ ಮುಟ್ಟುತ್ತಾನೆ ಹೇಳಿ?

ಒಂದು ವೇಳೆ ನಿಜವಾಗಿ ಹೊಲದಲ್ಲೇ ಸಿಕ್ಕಿದ್ದರೆ ಅದು ಇನ್ನೂ ದೊಡ್ಡ ತಲೆನೋವು. ನೆಲದಲ್ಲಿ ಹೂತ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು ಅಂತ ಕರ್ನಾಟಕದ 1962ರ ನಿಧಿ ಕಾಯ್ದೆ ಹೇಳುತ್ತದೆ. ನೂರು ವರ್ಷ ದಾಟಿದ ನಾಣ್ಯದ ವ್ಯಾಪಾರ ಮಾಡಲು 1972ರ ಪ್ರಾಚ್ಯವಸ್ತು ಕಾಯ್ದೆ ಪ್ರಕಾರ ಲೈಸೆನ್ಸ್ ಬೇಕು, ಹೊರದೇಶಕ್ಕೆ ಕಳಿಸುವ ಹಾಗೂ ಇಲ್ಲ. ಆ ಮಾರುವವರ ಮಾತು ಸುಳ್ಳಾದರೂ ಬೇಡ, ನಿಜವಾದರೂ ಬೇಡ.

ಪ್ರಶ್ನೆ: ಇಂಗ್ಲೆಂಡಿನಲ್ಲಿದ್ದೇನೆ. ಮೆಟಲ್ ಡಿಟೆಕ್ಟರ್ ತಗೊಂಡಿದ್ದೀನಿ. ಸಿಕ್ಕಿದ್ದನ್ನ ಇಟ್ಕೊಬಹುದಾ? (ರೀಡಿಂಗ್‌ನಿಂದ)

ಜಾಗದ ಮಾಲೀಕರ ಒಪ್ಪಿಗೆ ಮೊದಲು. ರಕ್ಷಿತ ಸ್ಮಾರಕದ ಜಾಗದಲ್ಲಿ ಅನುಮತಿ ಇಲ್ಲದೆ ಡಿಟೆಕ್ಟರ್ ಹಿಡಿದು ಓಡಾಡೋದೇ ಅಪರಾಧ. ಆಮೇಲೆ 1996ರ ಟ್ರೆಷರ್ ಕಾಯ್ದೆ: ಒಂದೇ ಕಡೆ ಸಿಕ್ಕ, 300 ವರ್ಷ ದಾಟಿದ ನಾಣ್ಯಗಳಲ್ಲಿ ಚಿನ್ನ ಬೆಳ್ಳಿ ನೂರಕ್ಕೆ ಹತ್ತು ಪಾಲಾದರೂ ಇದ್ದರೆ, ಎರಡು ಸಿಕ್ಕರೂ ಅದು ನಿಧಿ. ಅದಕ್ಕಿಂತ ಕಡಿಮೆ ಇದ್ದರೆ ಹತ್ತು ನಾಣ್ಯ ಆಗಬೇಕು. ಮೇಲೆ ಮಂಗಳೂರಿನವರಿಗೆ ಹೇಳಿದ ಲೆಕ್ಕ ಇಲ್ಲಿ ಕೆಲಸಕ್ಕೆ ಬರುತ್ತದೆ ನೋಡಿ. ಗೋರ್ಡಿಯನ್‌ದು ಎರಡು ಸಿಕ್ಕರೆ ನಿಧಿ, ಬೆಳ್ಳಿ ತೀರಾ ಕಡಿಮೆಯಾದ ಕಾಲದ ದೊರೆ ಟೆಟ್ರಿಕಸ್‌ದಾದರೆ ಹತ್ತು ಬೇಕು. ನಿಧಿ ಅನಿಸಿದರೆ 14 ದಿನದೊಳಗೆ ತಿಳಿಸಬೇಕು. ಸೋಮರ್‌ಸೆಟ್‌ನ ಫ್ರೋಮ್ ಹತ್ತಿರ 2010ರಲ್ಲಿ ಒಂದೇ ಮಡಕೆಯಲ್ಲಿ 52,503 ನಾಣ್ಯ ಸಿಕ್ಕವು, ಬಹುಪಾಲು ಇದೇ ಕಾಲದವು. ಸಿಕ್ಕವರು ತಾವೇ ಮಡಕೆ ಎತ್ತದೆ ಪುರಾತತ್ವದವರನ್ನು ಕರೆದಿದ್ದರಿಂದ, ಯಾವ ನಾಣ್ಯ ಯಾವ ಪದರದಲ್ಲಿತ್ತು ಅನ್ನೋದೂ ದಾಖಲಾಯಿತು. ಒಂದೆರಡು ಬಿಡಿ ನಾಣ್ಯ ಸಿಕ್ಕರೂ, ಜನರಿಗೆ ಸಿಕ್ಕ ಹಳೇ ವಸ್ತುಗಳನ್ನು ದಾಖಲಿಸುವ ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮ್‌ನವರಿಗೆ ತೋರಿಸಿ.

ಪ್ರಶ್ನೆ: ಖೋಟಾ ಕಂಡುಹಿಡಿಯೋದು ಹೇಗೆ? (ಹಲವರಿಂದ)

ಅಂಚಿನ ಸುತ್ತ ಗೆರೆ ಇದ್ದರೆ, ಮೈ ಮೇಲೆ ಸಣ್ಣ ಗುಳ್ಳೆಗಳಿದ್ದರೆ ಅದು ಎರಕ ಹೊಯ್ದದ್ದು. ಅಸಲಿ ಆದರೆ ಅಚ್ಚಿಟ್ಟು ಸುತ್ತಿಗೆಯಿಂದ ಹೊಡೆದದ್ದು, ಅಂಚು ಬಿರಿದಿರುತ್ತದೆ, ಚಿತ್ರ ನಡುವಿನಿಂದ ಸ್ವಲ್ಪ ಜಾರಿರುತ್ತದೆ. ಎರಡು ಬೇರೆ ನಾಣ್ಯಗಳಲ್ಲಿ ಒಂದೇ ಜಾಗದಲ್ಲಿ ಒಂದೇ ಗೀರು ಕಂಡರೆ ಎರಡನ್ನೂ ಬಿಡಿ. ಹುಡುಗ ಗೋರ್ಡಿಯನ್ ನಾಣ್ಯವನ್ನೇ ಮುದುಕನದ್ದು ಅಂತ ಮಾರುವವರೂ ಇದ್ದಾರೆ. ಅಪ್ಪ ಮಗ ಇಬ್ಬರ ರೋಮನ್ ನಾಣ್ಯದಲ್ಲೂ ಆಫ್ರಿಕಾ ಗುರುತಿಸುವ 'ಎ ಎಫ್ ಆರ್' ಅಕ್ಷರ ಇರುತ್ತದೆ, ಮೊಮ್ಮಗನದ್ದರಲ್ಲಿ ಇರೋದಿಲ್ಲ. ಕೊಳ್ಳುವ ಮುಂಚೆ ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯ 'ಆನ್‌ಲೈನ್ ಕಾಯಿನ್ಸ್ ಆಫ್ ದ ರೋಮನ್ ಎಂಪೈರ್' ತೆರೆದು ಹೋಲಿಸಿ ನೋಡಿ, ಅದಕ್ಕೆ ದುಡ್ಡು ಕೊಡಬೇಕಿಲ್ಲ. ಮುಂಬದಿ, ಹಿಂಬದಿ, ಅಂಚು ಮೂರರ ಫೋಟೋ, ತೂಕ, ಅಡ್ಡಳತೆ ಕೊಡದವರ ಹತ್ತಿರ ಏನೂ ಕೊಳ್ಳಬೇಡಿ. ನನಗೆ ಫೋಟೋ ಕಳಿಸುವವರೂ ಅಷ್ಟೇ, ತೂಕ ಬರೆಯದಿದ್ದರೆ ನಾನು ಏನೂ ಹೇಳಲಾರೆ.